ಟಬ್ಬಿನಲ್ಲಿ ನೈದಿಲೆ: ನೀರು ಚೆಲ್ಲದಿದ್ದರೆ ಅರ್ಧ ಕೆಲಸ ಮುಗಿದಂತೆ

ಮೊದಲೇ ಹೇಳಿಬಿಡುತ್ತೇನೆ. ಟಬ್ಬಿನ ನೀರನ್ನು ವಾರ ವಾರ ಚೆಲ್ಲಿ ಹೊಸದು ತುಂಬುವವರಿಗೆ ನೈದಿಲೆ ಕೈಹತ್ತುವುದಿಲ್ಲ. ಗಿಡ ಹೇಗೋ ಬದುಕಿರುತ್ತದೆ, ಆದರೆ ಹೂ ಬಿಡುವುದಿಲ್ಲ. ನೀರೂ ತಿಳಿಯಾಗುವುದಿಲ್ಲ. ಕೊನೆಗೆ "ನಮ್ಮನೆಗೆ ಇದು ಆಗಿಬರಲ್ಲ" ಅಂತ ಆ ಟಬ್ಬನ್ನು ಬಟ್ಟೆ ನೆನೆಸೋಕೆ ಇಟ್ಟುಕೊಳ್ಳುತ್ತಾರೆ.

ನಾನು ಮೈಸೂರಿನ ಕುವೆಂಪುನಗರದಲ್ಲಿ ಮನೆಯಲ್ಲೇ ಟೈಲರಿಂಗ್ ಮಾಡುವವಳು. ಮೊದಲ ಮಹಡಿಯ ಬಾಡಿಗೆ ಮನೆ. ಮಿಷನ್ ಎದುರಿನ ಬಾಲ್ಕನಿಯಲ್ಲಿ, ಮೇಲೆ ತಾರಸಿಯಲ್ಲಿ ನೀರಿನ ಟಬ್ಬುಗಳಿವೆ. ಬ್ಲೌಸಿನ ಅಳತೆ ಕೊಡಲು ಬಂದವರು ಟಬ್ಬಿನ ಮುಂದೆ ನಿಂತುಬಿಡುತ್ತಾರೆ. "ಅಕ್ಕಾ, ಸೊಳ್ಳೆ ಆಗಲ್ವಾ?" "ವಾಸನೆ ಬರಲ್ವಾ?" "ಎಷ್ಟು ದಿನಕ್ಕೊಂದ್ಸಲ ನೀರು ಚೇಂಜ್ ಮಾಡ್ತೀರಾ?" ಉತ್ತರ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಅದನ್ನೇ ಇಲ್ಲಿ ಬರೆದಿದ್ದೇನೆ.

ಬಿಸಿಲು ಮತ್ತು ಭಾರ

ಟಬ್ ಕೊಳ್ಳುವ ಮೊದಲು ಜಾಗ ನೋಡಿ. ನೈದಿಲೆಗೆ ದಿನಕ್ಕೆ ನಾಲ್ಕೈದು ಗಂಟೆ ನೇರ ಬಿಸಿಲು ಬೇಕೇ ಬೇಕು. ತಾವರೆಗೆ ಆರು ಗಂಟೆಗೂ ಜಾಸ್ತಿ. "ನಮ್ಮ ಬಾಲ್ಕನಿಯಲ್ಲಿ ಒಳ್ಳೆ ಬೆಳಕಿದೆ" ಅಂದರೆ ಸಾಲದು. ಬೆಳಕು ಬೇರೆ, ಬಿಸಿಲು ಬೇರೆ. ಒಂದು ರಜಾ ದಿನ ಬೆಳಿಗ್ಗೆ ಎಂಟರಿಂದ ಗಂಟೆಗೊಮ್ಮೆ ಹೋಗಿ ಬಿಸಿಲು ಎಲ್ಲಿ ಬಿದ್ದಿದೆ ಅಂತ ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೀಟು ಹಾಕಿ. ಸಂಜೆಗೆ ಲೆಕ್ಕ ಸಿಗುತ್ತದೆ. ಎರಡು ಮೂರು ಗಂಟೆ ಮಾತ್ರ ಬಿಸಿಲು ಬೀಳುವ ಕಡೆ ನೈದಿಲೆ ಬೇಡ. ಅಲ್ಲಿ ನೀರುಬ್ರಾಹ್ಮಿ, ಒಂದೆಲಗ, ಕೆಸು, ಬಜೆ ಚೆನ್ನಾಗಿ ಬರುತ್ತವೆ. ಹೂವಿಲ್ಲದಿದ್ದರೂ ಹಸಿರು ಕಣ್ಣಿಗೆ ತಂಪು, ಜೊತೆಗೆ ಒಂದೆಲಗದ ಚಟ್ನಿ ಲಾಭ.

ಇನ್ನು ಭಾರ. ಒಂದು ಲೀಟರ್ ನೀರು ಒಂದು ಕೆಜಿ. ಬಾಯಿ 18 ಇಂಚು ಅಗಲ, ಆಳ 12 ಇಂಚು ಇರುವ ಟಬ್ಬಿಗೆ ಸುಮಾರು 50 ಲೀಟರ್ ಹಿಡಿಯುತ್ತದೆ. ಅದಕ್ಕೆ ಮಣ್ಣು, ಕಲ್ಲು ಸೇರಿದರೆ 60 ಕೆಜಿ ದಾಟುತ್ತದೆ. ಅಂಥದ್ದನ್ನು ಬಾಲ್ಕನಿಯ ಹೊರತುದಿಯಲ್ಲಿ ಇಡಬೇಡಿ. ಗೋಡೆ ಪಕ್ಕ ಇಡಿ. ತಾರಸಿಯಲ್ಲಾದರೆ ಕೆಳಗೆ ಗೋಡೆ ಅಥವಾ ಬೀಮ್ ಇರುವ ಕಡೆ. ನಾಲ್ಕು ಇಟ್ಟಿಗೆ ಅಥವಾ ಒಂದು ಮರದ ಹಲಗೆಯ ಮೇಲೆ ಕೂರಿಸಿದರೆ ಕೆಳಗೆ ಗಾಳಿಯಾಡುತ್ತದೆ, ತೇವ ನಿಲ್ಲುವುದಿಲ್ಲ. ನಮ್ಮ ಓನರ್ ಅಂಕಲ್ ಮೊದಮೊದಲು ದಿನಾ ಬಂದು ಕೆಳಗಿನ ಮನೆಯ ಸೂರು ನೋಡುತ್ತಿದ್ದರು. ಈಗ ಅವರ ಮನೆ ಮುಂದೆಯೂ ಒಂದು ಟಬ್ ಇದೆ, ಬಿಡಿ.

ತುಂಬಿದ ಮೇಲೆ ಟಬ್ ಅಲುಗಾಡಿಸಲು ಆಗುವುದಿಲ್ಲ. ಹಾಗಾಗಿ ಜಾಗ ಗಟ್ಟಿ ಮಾಡಿಕೊಂಡೇ ತುಂಬಿಸಿ.

ಅಂಬೆಗಾಲಿಡುವ ಮಗು ಇರುವ ಮನೆಯಾದರೆ ನೆಲದ ಮೇಲೆ ಟಬ್ ಇಡುವ ಯೋಚನೆಯನ್ನೇ ಸದ್ಯಕ್ಕೆ ಬಿಡಿ. ಅರ್ಧ ಅಡಿ ನೀರೂ ಮಗುವಿಗೆ ಅಪಾಯ. ಇಡಲೇಬೇಕು ಅಂದರೆ ಮೇಲೆ ಕಬ್ಬಿಣದ ಜಾಲರಿ ಬಿಗಿಯಾಗಿ ಕಟ್ಟಿ. ಎಲೆಗಳು ಜಾಲರಿಯ ಸಂದಿಯಲ್ಲಿ ಮೇಲೆ ಬರುತ್ತವೆ.

ಯಾವ ಪಾತ್ರೆ

ನನ್ನ ಮಟ್ಟಿಗೆ ಕಪ್ಪು ಪ್ಲಾಸ್ಟಿಕ್ ಟಬ್ಬೇ ವಾಸಿ. ಕಟ್ಟಡ ಕೆಲಸದವರು ಬಳಸುವ ದಪ್ಪನೆಯ ಟಬ್ ಆದರೂ ಸೈ. ಕಪ್ಪು ಬಣ್ಣದಲ್ಲಿ ನೀರು ಆಳವಾಗಿ ಕಾಣುತ್ತದೆ, ಪಾಚಿ ಹಿಡಿದರೂ ಎದ್ದು ಕಾಣುವುದಿಲ್ಲ. ಬೇಸಿಗೆಯಲ್ಲಿ ಕಪ್ಪು ಬೇಗ ಕಾಯುತ್ತದೆ, ನಿಜ. ಮಧ್ಯಾಹ್ನದ ಬಿಸಿಲು ಬೀಳುವ ಪಕ್ಕಕ್ಕೆ ಒಂದು ಗೋಣಿಚೀಲ ಇಳಿಬಿಟ್ಟರೆ ಸರಿಹೋಗುತ್ತದೆ. ಬಾಯಿ ಅಗಲ ಇರಬೇಕು. ಎತ್ತರದ ಬಕೆಟ್ಟಿಗಿಂತ ಅಗಲದ ತಪ್ಪಲೆ ಆಕಾರ ಒಳ್ಳೆಯದು, ಏಕೆಂದರೆ ನೈದಿಲೆಯ ಎಲೆ ಹರಡುವುದು ಅಡ್ಡಕ್ಕೆ. ಗುಜರಿ ಅಂಗಡಿಯ ನೀಲಿ ಡ್ರಮ್ಮನ್ನು ಅರ್ಧ ಕತ್ತರಿಸಿಕೊಂಡರೆ ಅಗ್ಗ. ಆದರೆ ಅದರಲ್ಲಿ ಮೊದಲು ಏನಿತ್ತು ಅಂತ ಕೇಳದೆ ತರಬೇಡಿ. ಆಸಿಡ್, ಕೀಟನಾಶಕ ತುಂಬಿದ್ದ ಡ್ರಮ್ ಎಷ್ಟು ತೊಳೆದರೂ ಬೇಡ.

ಅಜ್ಜಿ ಕಾಲದ ತಾಮ್ರದ ಹಂಡೆಯಲ್ಲಿ ತಾವರೆ ಇಟ್ಟರೆ ಎಷ್ಟು ಚೆಂದ ಅಲ್ವಾ, ಅಂತ ತುಂಬ ಜನ ಕೇಳುತ್ತಾರೆ. ಬೇಡ. ತಾಮ್ರ ನೀರಿಗೆ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಮೀನಿಗೂ ಬಸವನಹುಳಕ್ಕೂ ಅದು ವಿಷ, ಗಿಡಕ್ಕೂ ಒಳ್ಳೆಯದಲ್ಲ. ಹಿತ್ತಾಳೆಯಲ್ಲಿ ಇರುವುದೂ ತಾಮ್ರವೇ. ಹಬ್ಬದ ದಿನ ಉರುಳಿಯಲ್ಲಿ ನೀರು ಹಾಕಿ ಕಿತ್ತ ಹೂ ತೇಲಿಬಿಡಿ, ಅದಕ್ಕೆ ತೊಂದರೆಯಿಲ್ಲ.

ಹೊಸ ಸಿಮೆಂಟ್ ತೊಟ್ಟಿ ಸುಣ್ಣದ ಅಂಶ ಬಿಡುತ್ತದೆ. ನೀರು ತುಂಬಿ ಎರಡು ಮೂರು ದಿನ ಬಿಟ್ಟು ಚೆಲ್ಲಿ, ಮತ್ತೆ ತುಂಬಿ, ಹೀಗೆ ಎರಡು ಮೂರು ವಾರ ಮಾಡಿದ ಮೇಲೆ ಗಿಡ ಹಾಕಿ. ನೀರನ್ನೆಲ್ಲ ಚೆಲ್ಲಿ ಅಂತ ನಾನು ಹೇಳುವುದು ಎರಡೇ ಕಡೆ. ಇದೊಂದು, ಇನ್ನೊಂದು ಮುಂದೆ ಬರುತ್ತದೆ. ಮಣ್ಣಿನ ಬಾನಿ ನೋಡಲು ಚೆಂದ, ಆದರೆ ಒಸರುತ್ತದೆ. ಒಳಗೆ ವಾಟರ್‌ಪ್ರೂಫ್ ಪೇಂಟ್ ಹೊಡೆದು ಚೆನ್ನಾಗಿ ಒಣಗಿಸಿ, ಒಂದೆರಡು ಸಲ ನೀರು ತುಂಬಿ ತೊಳೆದು ಬಳಸಬಹುದು.

ಹಿತ್ತಲಲ್ಲಿ ಬಿದ್ದಿರುವ ಒರಳುಕಲ್ಲಿನಲ್ಲಿ ನೀರುಬ್ರಾಹ್ಮಿ ಇಳಿಬಿಟ್ಟರೆ ಅದರ ಅಂದವೇ ಬೇರೆ. ಆದರೆ ಅಲ್ಲಿ ಹಿಡಿಯುವುದು ನಾಲ್ಕೈದು ಲೀಟರ್. ಮೀನು ಬಿಡುವಷ್ಟು ಜಾಗವಿಲ್ಲ. ಮೀನಿಲ್ಲದ ಪುಟ್ಟ ಪಾತ್ರೆಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆ ಉಜ್ಜಲೇಬೇಕು. ಯಾಕೆ ಅಂತ ಸೊಳ್ಳೆಯ ಮಾತು ಬಂದಾಗ ಹೇಳುತ್ತೇನೆ.

ಮಣ್ಣಿನ ಗುಟ್ಟು

ನರ್ಸರಿಗಳಲ್ಲಿ ಮಾರುವ ಕೋಕೋಪೀಟ್, ಎರೆಗೊಬ್ಬರದ ಮಿಶ್ರಣ ಇಲ್ಲಿ ಕೆಲಸಕ್ಕೆ ಬಾರದು. ನೀರು ಹಾಕಿದ ಕೂಡಲೇ ಅರ್ಧ ತೇಲುತ್ತದೆ, ಉಳಿದರ್ಧ ಕೊಳೆತು ನೀರನ್ನು ಚಹಾ ಬಣ್ಣಕ್ಕೆ ತರುತ್ತದೆ. ನೀರಿನ ಗಿಡಕ್ಕೆ ಬೇಕಾದ್ದು ಭಾರವಾದ, ಜಿಗುಟಾದ ಮಣ್ಣು. ನಮ್ಮ ಕಡೆ ಇದಕ್ಕೆ ಕೆರೆಗೋಡಿಗಿಂತ, ಅಂದರೆ ಕೆರೆಯ ತಳದ ಹೂಳಿಗಿಂತ, ಮಿಗಿಲಾದ್ದಿಲ್ಲ. ನನ್ನ ತವರು ಮಂಡ್ಯ ಕಡೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಟ್ರ್ಯಾಕ್ಟರಿನಲ್ಲಿ ಗೋಡು ಹೊಡೆದು ಗದ್ದೆಗೆ ಹಾಕುತ್ತಾರೆ. ನನ್ನ ತಮ್ಮ ಅದರಲ್ಲೇ ಒಂದು ಸಿಮೆಂಟ್ ಚೀಲದಷ್ಟು ನನಗೂ ಎತ್ತಿಡುತ್ತಾನೆ. ಅದು ಒಣಗಿದಾಗ ಕಲ್ಲಿನ ಹಾಗೆ ಹೆಂಟೆಯಾಗಿರುತ್ತದೆ. ಒಡೆದು, ಬೇರು, ಕಡ್ಡಿ, ಚಿಪ್ಪು ಆರಿಸಿ ಬಿಸಾಕಿ.

ಗೋಡು ಸಿಗದಿದ್ದರೆ ಹೊಲದ ಸಾದಾ ಕೆಂಪು ಮಣ್ಣು ನಡೆಯುತ್ತದೆ. ಪರೀಕ್ಷೆ ಸುಲಭ. ಒಂದು ಹಿಡಿ ಮಣ್ಣನ್ನು ನೀರು ಚಿಮುಕಿಸಿ ನಿಂಬೆಹಣ್ಣಿನ ಗಾತ್ರ ಉಂಡೆ ಕಟ್ಟಿ. ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಹತ್ತು ನಿಮಿಷ ಆದರೂ ಉಂಡೆ ಉಂಡೆಯಾಗೇ ಕೂತಿದ್ದರೆ, ಮೇಲೆ ಕಸ ತೇಲದಿದ್ದರೆ ಮಣ್ಣು ಚೆನ್ನಾಗಿದೆ. ಬಿದ್ದ ಕೂಡಲೇ ಪುಡಿಪುಡಿಯಾಗಿ ಹರಡಿದರೆ ಮರಳು ಜಾಸ್ತಿ ಅಂತ ಅರ್ಥ. ಸ್ವಲ್ಪ ಜೇಡಿಮಣ್ಣು ಸೇರಿಸಿ.

ಮಣ್ಣನ್ನು ನೇರವಾಗಿ ಟಬ್ಬಿಗೆ ಸುರಿಯುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ. ಒಂದು ಚಿಕ್ಕ ಬೇಸಿನ್ನಿನಲ್ಲಿ ಗಿಡ ನೆಟ್ಟು, ಆ ಬೇಸಿನ್ನನ್ನು ಟಬ್ಬಿನೊಳಗೆ ಇಳಿಸುವುದು ಮೇಲು. ಗೊಬ್ಬರ ಕೊಡಲು, ಗಿಡ ಪಾಲು ಮಾಡಲು ಬೇಸಿನ್ ಒಂದನ್ನೇ ಎತ್ತಿದರಾಯಿತು, ಟಬ್ಬಿನ ನೀರು ಕದಡುವುದಿಲ್ಲ. ನೈದಿಲೆಗೆ ಬೇಸಿನ್ 10 ಇಂಚು ಅಗಲ, 6 ಇಂಚು ಆಳ ಇದ್ದರೆ ಸಾಕು. ತೂತು ಬೇಡ. ತೂತಿನ ಪ್ಲಾಸ್ಟಿಕ್ ಬುಟ್ಟಿಯೇ ಮನೆಯಲ್ಲಿದ್ದರೆ ಒಳಗೆ ಬಟ್ಟೆ ಹಾಸಿ ಮಣ್ಣು ತುಂಬಿ. ಹತ್ತಿ ಬಟ್ಟೆ ಕೊಳೆಯುತ್ತದೆ. ನಾನು ಪಾಲಿಯೆಸ್ಟರ್ ಲೈನಿಂಗ್ ತುಂಡು ಹಾಕುತ್ತೇನೆ, ಅದೂ ಬಿಳಿಯದು. ಬಣ್ಣದ್ದಾದರೆ ಬಣ್ಣ ಬಿಡುತ್ತದೆ.

ತಳದಲ್ಲಿ ಎರಡು ಹಿಡಿ ಚೆನ್ನಾಗಿ ಕಳಿತು ಒಣಗಿದ ಹಳೇ ಕೊಟ್ಟಿಗೆ ಗೊಬ್ಬರ. ಅದರ ಮೇಲೆ ನಾಲ್ಕು ಇಂಚು ಗೋಡು, ಕೈಯಿಂದ ಒತ್ತಿ ಒತ್ತಿ. ಗಿಡ ನೆಟ್ಟ ಮೇಲೆ ಅರ್ಧದಿಂದ ಒಂದು ಇಂಚು ತೊಳೆದ ದಪ್ಪ ಮರಳು ಅಥವಾ ಸಣ್ಣ ಜಲ್ಲಿ. ಈ ಮರಳಿನ ಮುಚ್ಚಿಗೆ ಬಿಟ್ಟರೆ ಗೊಬ್ಬರದ ಸಾರ ಮೇಲಕ್ಕೆ ಬಂದು ಪಾಚಿಗೆ ಔತಣ ಸಿಕ್ಕಂತಾಗುತ್ತದೆ. ಎಂ-ಸ್ಯಾಂಡ್ ಆದರೆ ಹುಡಿ ಹೋಗುವವರೆಗೂ ತೊಳೆಯಿರಿ. ಹಸಿ ಸಗಣಿ ಮಾತ್ರ ಯಾವತ್ತೂ ಹಾಕಬೇಡಿ. ನೀರು ನಾರುತ್ತದೆ, ಮೀನು ಉಳಿಯುವುದಿಲ್ಲ.

ಗಿಡ ತರುವಾಗ

ಅಂಗಡಿಯವರು ನೈದಿಲೆಯನ್ನೂ "ತಾವರೆ" ಅಂತಲೇ ಮಾರುತ್ತಾರೆ. ಎಲೆ ನೋಡಿ ಗುರುತು ಹಿಡಿಯಿರಿ. ಎಲೆಯ ಒಂದು ಕಡೆ ಅಂಚಿನಿಂದ ನಡುವಿನವರೆಗೆ ಸೀಳು ಇದ್ದು, ಎಲೆ ನೀರಿನ ಮೇಲೆ ಮಲಗಿದ್ದರೆ ನೈದಿಲೆ. ಸೀಳಿಲ್ಲದೆ ತಟ್ಟೆಯಂತೆ ದುಂಡಗಿದ್ದು, ದೇಟು ನಡುವಿಗೆ ಅಂಟಿದ್ದು, ನೀರು ಬಿಟ್ಟರೆ ಮುತ್ತಾಗಿ ಉರುಳಿದರೆ ತಾವರೆ. ಮೊದಲ ಸಲ ಮಾಡುವವರು ನೈದಿಲೆಯಿಂದಲೇ ಶುರು ಮಾಡಿ. ಚಿಕ್ಕ ಜಾಗದಲ್ಲಿ ತಾವರೆಗಿಂತ ಬೇಗ ಹೂ ಕೊಡುತ್ತದೆ.

ನೈದಿಲೆಯಲ್ಲಿ ಹಗಲು ಅರಳುವುದೂ ಇದೆ, ರಾತ್ರಿ ಅರಳುವುದೂ ಇದೆ. ಹಗಲಿನದ್ದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಬಿಚ್ಚಿ ಮಧ್ಯಾಹ್ನ ಮೂರು ನಾಲ್ಕಕ್ಕೆ ಮುಚ್ಚುತ್ತದೆ. ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಟು ಸಂಜೆ ಆರಕ್ಕೆ ಬರುವವರು ಅದನ್ನು ಭಾನುವಾರ ಮಾತ್ರ ನೋಡಬೇಕಾಗುತ್ತದೆ. ಅಂಥವರು ಸಂಜೆ ಅರಳುವ ಬಿಳಿ ಅಥವಾ ಕೆಂಪು ಜಾತಿಯನ್ನು ಕೇಳಿ ತನ್ನಿ. ಅದು ಮಾರನೇ ದಿನ ಬಿಸಿಲೇರುವವರೆಗೂ ಬಿಚ್ಚಿರುತ್ತದೆ.

ಒಂದು ಹೂ ಮೂರು ನಾಲ್ಕು ದಿನ ತೆರೆದು ಮುಚ್ಚಿ, ಆಮೇಲೆ ನೀರೊಳಗೆ ಮುಳುಗುತ್ತದೆ. ಮೊದಲ ದಿನದ ಹೂವನ್ನು ಬಗ್ಗಿ ನೋಡಿ. ನಡುವಿನ ಬಟ್ಟಲಲ್ಲಿ ಒಂದಿಷ್ಟು ನೀರಿನಂಥ ರಸ ನಿಂತಿರುತ್ತದೆ, ಕೇಸರಗಳು ಅದರ ಸುತ್ತ ನೆಟ್ಟಗೆ ನಿಂತಿರುತ್ತವೆ. ಆ ದಿನ ಹೂ ತಾನು ಪರಾಗ ಕೊಡುವುದಿಲ್ಲ, ಬೇರೆ ಹೂವಿನದ್ದನ್ನು ತೆಗೆದುಕೊಳ್ಳುವುದಷ್ಟೇ. ಮೈಗೆ ಪರಾಗ ಮೆತ್ತಿಕೊಂಡ ಜೇನುಹುಳ ಕೇಸರ ಹಿಡಿಯಲು ಹೋಗಿ ಜಾರಿ ರಸದೊಳಗೆ ಬೀಳುತ್ತದೆ, ಪರಾಗ ಅಲ್ಲೇ ತೊಳೆದುಹೋಗುತ್ತದೆ. ಕೆಲವು ಹುಳ ಎದ್ದು ಹೋಗುತ್ತವೆ, ಕೆಲವು ಅಲ್ಲೇ ಸಾಯುತ್ತವೆ. ಎರಡನೇ ದಿನಕ್ಕೆ ರಸ ಮಾಯ. ಒಳಗಿನ ಕೇಸರಗಳು ಬಾಗಿ ಬಟ್ಟಲನ್ನು ಮುಚ್ಚಿರುತ್ತವೆ, ಪರಾಗ ಉದುರುತ್ತಿರುತ್ತದೆ. ಹೂವಿನಲ್ಲಿ ಸತ್ತ ಜೇನು ಕಂಡು "ಯಾರೋ ಔಷಧಿ ಹೊಡೆದಿದ್ದಾರೆ" ಅಂತ ಗಾಬರಿಯಾದ ಗಿರಾಕಿಯೊಬ್ಬರಿಗೆ ಇಷ್ಟನ್ನೂ ತೋರಿಸಿದ್ದೇನೆ. ಅವತ್ತು ಅವರ ಬ್ಲೌಸಿನ ತೋಳಿನ ಅಳತೆ ತೆಗೆಯುವುದೇ ಮರೆತುಹೋಗಿ ಮತ್ತೆ ಫೋನ್ ಮಾಡಿ ಕರೆಸಬೇಕಾಯಿತು.

ಕೆಲವು ನೈದಿಲೆ ಜಾತಿಗಳಲ್ಲಿ ಎಲೆಯ ಹೊಕ್ಕಳಲ್ಲೇ, ಅಂದರೆ ಸೀಳು ಬಂದು ಸೇರುವ ಜಾಗದಲ್ಲಿ, ಒಂದು ಗಂಟು ಏಳುತ್ತದೆ. ಬರಬರುತ್ತಾ ಅದರಿಂದ ಪುಟ್ಟ ಎಲೆ, ಕೆಳಗೆ ಬೇರು. ಹಳೇ ಎಲೆ ಹಳದಿಯಾಗುವ ಹೊತ್ತಿಗೆ ಮರಿಗೆ ಮೂರು ನಾಲ್ಕು ಎಲೆ ಬಂದಿರುತ್ತವೆ. ಎಲೆ ಸಮೇತ ಕತ್ತರಿಸಿ, ಒಂದು ಹಳೇ ಐಸ್‌ಕ್ರೀಂ ಡಬ್ಬಿಯ ಗೋಡಿನ ಮೇಲೆ ಮಲಗಿಸಿ ಒಂದು ಸಣ್ಣ ಕಲ್ಲು ಹೇರಿದರೆ ಬೇರು ಬಿಡುತ್ತದೆ. ಕೊಳ್ಳುವಾಗ "ಎಲೆಯಲ್ಲಿ ಮರಿ ಹಾಕುವ ಜಾತಿ ಇದೆಯಾ?" ಅಂತ ಕೇಳಿ. ಒಂದು ಕೊಂಡರೆ ಬೀದಿಗೆಲ್ಲ ಹಂಚಬಹುದು.

ನೈದಿಲೆಯ ಜೊತೆಗೆ ನೀರೊಳಗೇ ಮುಳುಗಿರುವ ಗಿಡ ಒಂದು ಇರಲೇಬೇಕು. ಹೈಡ್ರಿಲ್ಲಾ ಅಥವಾ ಹಾರ್ನ್‌ವರ್ಟ್ ಅಂತ ಅಕ್ವೇರಿಯಂ ಅಂಗಡಿಯಲ್ಲಿ ಕೇಳಿದರೆ ಕಟ್ಟು ಲೆಕ್ಕದಲ್ಲಿ ಕೊಡುತ್ತಾರೆ. ಪಾಚಿಗೆ ಸಿಗಬೇಕಾದ ಊಟವನ್ನು ಇದು ತಾನೇ ತಿಂದುಬಿಡುತ್ತದೆ. ಅಂತರಗಂಗೆ ಒಂದೆರಡು ಗಿಡ ತೇಲಿಬಿಡಬಹುದು, ನೆರಳಿಗೆ. ಆದರೆ ಕಣ್ಣು ತಪ್ಪಿದರೆ ಟಬ್ಬೆಲ್ಲ ಅದೇ ಆಗುತ್ತದೆ. ಹೆಚ್ಚಾದದ್ದನ್ನು ಆಗಾಗ ಎತ್ತುತ್ತಿರಿ.

ತಾವರೆಯ ಬಗ್ಗೆ ಚಿಕ್ಕದಾಗಿ. ಅದಕ್ಕೆ ದುಂಡು ಟಬ್ಬೇ ಬೇಕು. ಅದರ ಬೇರುಗೆಡ್ಡೆ ಗೋಡೆಗುಂಟ ಸುತ್ತುತ್ತಾ ಬೆಳೆಯುತ್ತದೆ, ಚೌಕ ತೊಟ್ಟಿಯಾದರೆ ಮೂಲೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಗೆಡ್ಡೆಯ ತುದಿಯ ಮೊಳಕೆ ಮುರಿದರೆ ಕೆಲಸ ಕೆಟ್ಟಂತೆ, ಹಾಗಾಗಿ ಹುಷಾರು. ಇದನ್ನು ಮಾತ್ರ ಬೇಸಿನ್ನಿನಲ್ಲಿ ಅಲ್ಲ, ಟಬ್ಬಿನ ಮಣ್ಣಲ್ಲೇ ನೆಡಬೇಕು. ಬೀಜದಿಂದ ಮಾಡುವ ಆಸೆ ಇದ್ದರೆ ಗ್ರಂಧಿಗೆ ಅಂಗಡಿಯಲ್ಲಿ ಪೂಜೆಗೆ ಅಂತ ಮಾರುವ ಕಪ್ಪು ತಾವರೆ ಬೀಜವೂ ಮೊಳೆಯುತ್ತದೆ. ಅದರ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ನೀರೇ ಒಳಗೆ ಹೋಗುವುದಿಲ್ಲ. ಚೀನಾದಲ್ಲಿ ಒಂದು ಹಳೇ ಕೆರೆಯ ತಳದಲ್ಲಿ ಸಿಕ್ಕ ಸುಮಾರು 1,300 ವರ್ಷದ ತಾವರೆ ಬೀಜ ಮೊಳೆತದ್ದು 1995ರಲ್ಲಿ ವರದಿಯಾಗಿತ್ತು. ಅಷ್ಟು ಗಟ್ಟಿ ಸಿಪ್ಪೆ. ಅದನ್ನು ಒರಟು ನೆಲಕ್ಕೋ ಅರಕ್ಕೋ ಒಂದು ತುದಿಯಲ್ಲಿ ಉಜ್ಜಿ. ಒಳಗಿನ ಬಿಳಿ ಕಾಣುತ್ತಲೇ ನಿಲ್ಲಿಸಿ ನೀರಿನ ಲೋಟಕ್ಕೆ ಹಾಕಿ. ಲೋಟದ ನೀರು ದಿನಾ ಬದಲಿಸಿ. ಒಂದು ವಾರದೊಳಗೆ ಹಸಿರು ಮೊಳಕೆ ಬರುತ್ತದೆ. ಹೂವಿಗೆ ಮಾತ್ರ ವರ್ಷಗಟ್ಟಲೆ ಕಾಯಬೇಕಾಗಬಹುದು, ಯಾವ ಬಣ್ಣ ಅಂತಲೂ ಗ್ಯಾರಂಟಿ ಇಲ್ಲ.

ನೆಡುವ ದಿನ

ಮೈಸೂರಿನ ಹವೆಗೆ ಶಿವರಾತ್ರಿ ಕಳೆದ ಮೇಲೆ, ಯುಗಾದಿಯ ಆಸುಪಾಸು ಒಳ್ಳೆಯ ಹೊತ್ತು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಬಕೆಟ್ಟುಗಳಲ್ಲಿ ತುಂಬಿ ಒಂದೆರಡು ದಿನ ಬಾಯಿ ತೆರೆದಿಡಿ. ಬೋರ್‌ವೆಲ್ ನೀರಾದರೆ ಗಡಸು ಜಾಸ್ತಿ, ಟಬ್ಬಿನ ಅಂಚಿಗೆ ಬಿಳಿ ಗೆರೆ ಕಟ್ಟುತ್ತದೆ. ಮಳೆ ನೀರು ಹಿಡಿದು ಬೆರೆಸಿದರೆ ತುಂಬ ಒಳ್ಳೆಯದು.

ನರ್ಸರಿಯಿಂದ ತಂದ ಗಿಡದ ಬೇರಿಗೆ ಅಂಟಿರುವುದನ್ನೆಲ್ಲ ತೊಳೆಯಿರಿ. ಎಲೆಯ ಕೆಳಗೆ ಲೋಳೆಯಂಥ ಮುದ್ದೆ ಇದ್ದರೆ ಅದು ಬಸವನಹುಳದ ಮೊಟ್ಟೆ, ಉಜ್ಜಿ ತೆಗೆಯಿರಿ. ಗೆಡ್ಡೆ ಉರುಟಾಗಿದ್ದರೆ ಬೇಸಿನ್ನಿನ ನಡುವೆ ನೆಟ್ಟಗೆ ನೆಡಿ. ಶುಂಠಿಯಂತೆ ಉದ್ದವಾಗಿದ್ದರೆ ಒಂದು ಅಂಚಿಗೆ ಓರೆಯಾಗಿ ಮಲಗಿಸಿ, ಬೆಳೆಯುವ ತುದಿ ನಡುವಿಗೆ ಮುಖ ಮಾಡಿರಲಿ. ಎರಡರಲ್ಲೂ ಎಲೆ ಹೊರಡುವ ಸುಳಿ ಮಣ್ಣಿನ ಮೇಲೆಯೇ ಕಾಣಬೇಕು. ಸುಳಿ ಹೂತರೆ ಕೊಳೆಯುತ್ತದೆ.

ಖಾಲಿ ಟಬ್ಬಿನಲ್ಲಿ ಬೇಸಿನ್ ಇಡಿ. ಅದರ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಹಾಸಿ, ಅದರ ಮೇಲೆ ಚೊಂಬಿನಲ್ಲಿ ನಿಧಾನಕ್ಕೆ ನೀರು ಬಿಡಿ. ಪೈಪ್ ಹಿಡಿದು ರಭಸವಾಗಿ ಬಿಟ್ಟರೆ ಗೋಡೆಲ್ಲ ಎದ್ದು ರಾಡಿಯಾಗುತ್ತದೆ. ಮೊದಲ ವಾರ ಸುಳಿಯ ಮೇಲೆ ಮೂರು ನಾಲ್ಕು ಇಂಚು ನೀರು ಸಾಕು. ಎಲೆ ಬಂದ ಹಾಗೆ ಐದಾರು ಇಂಚಿಗೆ ಏರಿಸಿ. ನನ್ನ ಅಳತೆ ಟೇಪು ಇದಕ್ಕೂ ಬರುತ್ತದೆ. ಕೊನೆಗೆ ಹೈಡ್ರಿಲ್ಲಾದ ಕಟ್ಟಿಗೆ ಒಂದು ಕಲ್ಲು ಕಟ್ಟಿ ಮುಳುಗಿಸಿ. ಇಷ್ಟೇ. ಮೀನನ್ನು ಅವತ್ತೇ ಬಿಡಬೇಡಿ.

ನೀರು ಹಸಿರಾದಾಗ

ಒಂದು ವಾರ, ಹತ್ತು ದಿನದಲ್ಲಿ ನೀರು ಹೆಸರುಬೇಳೆ ಕಟ್ಟಿನ ಬಣ್ಣಕ್ಕೆ ತಿರುಗುತ್ತದೆ. ಎಲ್ಲರೂ ಸೋಲುವುದು ಇಲ್ಲೇ. ಮನೆಯವರು ಮೂಗು ಮುರಿಯುತ್ತಾರೆ, ನಮಗೂ ಮುಜುಗರ, ತಕ್ಷಣ ಟಬ್ ಬಗ್ಗಿಸಿ ಹೊಸ ನೀರು ತುಂಬುತ್ತೇವೆ. ಹೊಸ ನೀರಿನ ಜೊತೆ ಹೊಸ ಲವಣ ಬರುತ್ತದೆ, ಕದಡಿದ ಮಣ್ಣಿನಿಂದ ಗೊಬ್ಬರದ ಸಾರ ಏಳುತ್ತದೆ. ಪಾಚಿಗೆ ಹಬ್ಬ. ವಾರಕ್ಕೆ ಮತ್ತೆ ಹಸಿರು.

ಏನೂ ಮಾಡದೆ ಬಿಡಿ. ಎರಡು ಕೆಲಸ ಒಳಗೇ ನಡೆಯುತ್ತಿರುತ್ತದೆ. ಒಂದು, ನೈದಿಲೆ ಎಲೆ ಹರಡಿ ನೀರಿಗೆ ನೆರಳು ಬೀಳುತ್ತದೆ. ಮೇಲ್ಮೈಯ ಅರ್ಧಕ್ಕಿಂತ ಜಾಸ್ತಿ ಮುಚ್ಚಿದರೆ ತೇಲುಪಾಚಿಗೆ ಬಿಸಿಲು ಸಾಲುವುದಿಲ್ಲ. ಎರಡು, ಟಬ್ಬಿನ ಗೋಡೆ, ಕಲ್ಲು, ಮರಳಿನ ಮೇಲೆಲ್ಲ ಒಂದು ಜಾರು ಪದರ ಕೂರುತ್ತದೆ. ಅದರಲ್ಲಿರುವ ಬ್ಯಾಕ್ಟೀರಿಯಾಗಳು ಮೀನಿನ ಹಿಕ್ಕೆ, ಕೊಳೆತ ಎಲೆಯಿಂದ ಬರುವ ಅಮೋನಿಯಾವನ್ನು ಹಂತ ಹಂತವಾಗಿ ನೈಟ್ರೇಟ್ ಮಾಡುತ್ತವೆ. ಗಿಡಕ್ಕೆ ಅದೇ ಊಟ. ಈ ಬ್ಯಾಕ್ಟೀರಿಯಾ ನೆಲೆಯೂರಲು ಮೂರರಿಂದ ಆರು ವಾರ ಬೇಕು. ಬ್ರಷ್ ಹಾಕಿ ಟಬ್ ತಿಕ್ಕಿದರೆ ಅಷ್ಟೂ ಕೆಲಸ ಮೊದಲಿಂದ ಶುರು.

ನೀವು ಮಾಡಬೇಕಾದ್ದು ಆವಿಯಾದಷ್ಟು ನೀರು ಸೇರಿಸುವುದು. ನಮ್ಮ ತಾರಸಿಯಲ್ಲಿ ಏಪ್ರಿಲಿನಲ್ಲಿ ಎರಡು ದಿನಕ್ಕೆ ಸುಮಾರು ಅರ್ಧ ಇಂಚು ಇಳಿಯುತ್ತದೆ. ಕೂದಲಿನಂಥ ಉದ್ದ ಪಾಚಿ ಬಂದರೆ ಒಂದು ಒರಟು ಕಡ್ಡಿ ಹಾಕಿ ತಿರುವಿ, ಸುತ್ತಿಕೊಂಡು ಬರುತ್ತದೆ. ಹಳದಿಯಾದ ಎಲೆಯನ್ನು ದೇಟಿನ ಬುಡದವರೆಗೆ ಕೈಹಾಕಿ ಚಿವುಟಿ. ವಾಸನೆ ಬಂದರೆ ಕೆಳಗೆ ಏನೋ ಕೊಳೆಯುತ್ತಿದೆ ಅಂತ ಅರ್ಥ. ಹುಡುಕಿ ತೆಗೆಯಿರಿ, ಕಾಲು ಭಾಗ ನೀರು ಮಾತ್ರ ಬದಲಿಸಿ.

ಚಿಕ್ಕ ಕಾರಂಜಿ ಪಂಪು ಹಾಕಲೇ ಅಂತ ಕೇಳುತ್ತಾರೆ. ನೈದಿಲೆಗೆ ನಿಂತ ನೀರೇ ಇಷ್ಟ. ಅದು ಉಸಿರಾಡುವ ರಂಧ್ರಗಳಿರುವುದು ಎಲೆಯ ಮೇಲ್ಭಾಗದಲ್ಲಿ. ಸದಾ ನೀರು ಎರಚುತ್ತಿದ್ದರೆ ಸೊರಗುತ್ತದೆ.

ಸೊಳ್ಳೆ ಮತ್ತು ಮೀನು

ಡೆಂಗಿ ಹರಡುವ ಈಡಿಸ್ ಸೊಳ್ಳೆ ಶುದ್ಧವಾದ ನಿಂತ ನೀರನ್ನೇ ಹುಡುಕಿ ಬರುತ್ತದೆ. ಮೊಟ್ಟೆ ಇಡುವುದು ನೀರಿನಲ್ಲಲ್ಲ, ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ಆ ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಹಾಗಾಗಿ ಬರೀ ನೀರು ಚೆಲ್ಲಿ ತುಂಬಿದರೆ ಸೊಳ್ಳೆ ಹೋಗುವುದಿಲ್ಲ. ಮೀನಿಲ್ಲದ ಪುಟ್ಟ ಪಾತ್ರೆಯಾದರೆ ಗೋಡೆ ಉಜ್ಜಲೇಬೇಕು ಅಂದದ್ದು ಇದಕ್ಕೇ. ಮೊಟ್ಟೆ ಒಡೆದು ಸೊಳ್ಳೆ ಹಾರಲು ಏಳರಿಂದ ಹತ್ತು ದಿನ ಸಾಕು, ಅದಕ್ಕೇ ವಾರದ ಲೆಕ್ಕ.

ದೊಡ್ಡ ಟಬ್ಬಿಗೆ ಉತ್ತರ ಮೀನು. ನಮ್ಮಲ್ಲಿ ಆರೋಗ್ಯ ಇಲಾಖೆಯವರೇ ಬಾವಿ, ತೊಟ್ಟಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡುತ್ತಾರೆ. ಮನೆ ಟಬ್ಬಿಗೆ ಗಪ್ಪಿ ಸಾಕು. 50 ಲೀಟರಿಗೆ ನಾಲ್ಕೈದು. ಗಿಡ ಹಾಕಿ ಮೂರು ವಾರ ಆದ ಮೇಲೆ ಬಿಡಿ. ಅಂಗಡಿಯ ಕವರ್ ಸಮೇತ ಟಬ್ಬಿನಲ್ಲಿ ಕಾಲು ಗಂಟೆ ತೇಲಿಸಿ, ನೀರಿನ ಬಿಸಿ ಸಮ ಆದ ಮೇಲೆ ಬಾಯಿ ಬಿಚ್ಚಿ. ಮೀನು ಬಿಡುವವರೆಗಿನ ಆ ಮೂರು ವಾರಕ್ಕೆ ಬಿಟಿಐ ಎಂಬ ಪುಡಿಯನ್ನು ಬಳಸಬಹುದು. ಅದು ಸೊಳ್ಳೆ ಮರಿಯನ್ನು ಕೊಲ್ಲುವ ಬ್ಯಾಕ್ಟೀರಿಯಾ, ಮೀನಿಗೂ ಗಿಡಕ್ಕೂ ತೊಂದರೆಯಿಲ್ಲ. ಪ್ಯಾಕೆಟ್ಟಿನ ಮೇಲಿನ ಪ್ರಮಾಣ ನೋಡಿ ಹಾಕಿ. ಅದು ಸಿಗದಿದ್ದರೆ ಸಂಜೆಯಾಗುತ್ತಲೇ ನೆಟ್ ಬಟ್ಟೆ ಮುಚ್ಚಿದರೆ ಸಾಲದು, ಈಡಿಸ್ ಕಚ್ಚುವುದೂ ಮೊಟ್ಟೆ ಇಡುವುದೂ ಹಗಲು. ಹಗಲೂ ಮುಚ್ಚಿರಬೇಕು.

ಮೀನಿಗೆ ಊಟ ಹಾಕಬೇಡಿ. ಹೊಟ್ಟೆ ತುಂಬಿದ ಗಪ್ಪಿ ಸೊಳ್ಳೆ ಮರಿಯ ಕಡೆ ತಿರುಗಿ ನೋಡುವುದಿಲ್ಲ. ತಿನ್ನದೆ ಉಳಿದ ತಿಂಡಿ ಕೊಳೆತು ಪಾಚಿಗೆ ಗೊಬ್ಬರ. ನಮ್ಮ ಬೀದಿಗೆ ಆಶಾ ಕಾರ್ಯಕರ್ತೆ ಲಾರ್ವಾ ಸರ್ವೆಗೆ ಬಂದಾಗ ಟಾರ್ಚ್ ಬಿಟ್ಟು ನಮ್ಮ ಟಬ್ಬುಗಳನ್ನೂ ನೋಡುತ್ತಾರೆ. ಹುಳ ಸಿಗುವುದು ಟಬ್ಬಿನಲ್ಲಲ್ಲ, ಫ್ರಿಜ್ಜಿನ ಹಿಂದಿನ ಟ್ರೇಯಲ್ಲಿ, ಹೂಕುಂಡದ ಕೆಳಗಿನ ತಟ್ಟೆಯಲ್ಲಿ.

ನಮ್ಮ ಕೆರೆ, ನಾಲೆಗಳಲ್ಲೇ ಒಂದು ಪುಟ್ಟ ಮೀನಿದೆ. ನೀರಿನ ಮೇಲ್ಮೈಗೆ ತಾಗಿಕೊಂಡೇ ಇರುತ್ತದೆ. ಮೇಲಿಂದ ನೋಡಿದರೆ ನೆತ್ತಿಯ ಮೇಲೆ ಬೆಳ್ಳಿಯ ಚುಕ್ಕೆ ಹೊಳೆಯುತ್ತದೆ. ಅದೂ ಸೊಳ್ಳೆ ಮರಿ ತಿನ್ನುವುದರಲ್ಲಿ ಗಟ್ಟಿಗ. ಊರ ಕಡೆ ಮಕ್ಕಳು ಹಿಡಿದು ಕೊಟ್ಟರೆ ಗಪ್ಪಿಗಿಂತ ನನಗೆ ಇದೇ ಇಷ್ಟ. ಆದರೆ ಟಬ್ಬಿನಿಂದ ಹಾರುತ್ತದೆ. ನೀರು ಅಂಚಿಗಿಂತ ಎರಡು ಮೂರು ಇಂಚು ಕೆಳಗೇ ಇರಲಿ.

ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಆಮ್ಲಜನಕ ಕಡಿಮೆಯಾಗಿದೆ. ಗಿಡಗಳು ಹಗಲು ಆಮ್ಲಜನಕ ಕೊಡುತ್ತವೆ, ರಾತ್ರಿ ತಾವೂ ಅದನ್ನೇ ಉಸಿರಾಡುತ್ತವೆ. ತೇಲುಗಿಡ, ಮೀನಿನ ಮರಿ ಕಡಿಮೆ ಮಾಡಿ.

ಗೊಬ್ಬರದ ಉಂಡೆ

ಎಲೆ ಚಿಕ್ಕದಾಗುತ್ತಾ ಬಂದರೆ, ಹೂ ನಿಂತರೆ ನೈದಿಲೆಗೆ ಹಸಿವಾಗಿದೆ. ಗೊಬ್ಬರವನ್ನು ನೀರಿಗೆ ಹಾಕಬಾರದು, ಬೇರಿಗೆ ಮುಟ್ಟಿಸಬೇಕು. ಗದ್ದೆಗೆ ಯೂರಿಯಾವನ್ನು ಮಣ್ಣಿನ ಉಂಡೆಯಲ್ಲಿಟ್ಟು ಹುಗಿಯುವ ಪದ್ಧತಿ ಇದೆ. ಅದೇ ಇಲ್ಲೂ. ಗೋಡಿನ ಉಂಡೆ ಮಾಡಿ, ನಡುವೆ ಡಿಎಪಿ ರಸಗೊಬ್ಬರದ ಹತ್ತು ಹದಿನೈದು ಕಾಳು ಇಟ್ಟು ಮುಚ್ಚಿ, ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿಡಿ. ಒಂದೂವರೆ ತಿಂಗಳಿಗೊಮ್ಮೆ ಒಂದು ಉಂಡೆಯನ್ನು ಸುಳಿಯಿಂದ ದೂರ, ಬೇಸಿನ್ನಿನ ಅಂಚಿಗೆ, ಬೆರಳುದ್ದ ಆಳಕ್ಕೆ ಒತ್ತಿ. ಜಾಸ್ತಿ ಆಸೆ ಬೇಡ. ಸೋರಿದರೆ ಅಮೋನಿಯಾ ಏರಿ ಮೀನು ಸಾಯುತ್ತದೆ.

ಹುಳದ ಮಾತು

ಎಲೆಯ ಮೇಲೆ ಕಪ್ಪು ಹೇನು ಮುತ್ತಿದರೆ ಎಲೆಯನ್ನು ನೀರೊಳಗೆ ಅದ್ದಿ ಬೆರಳಿಂದ ಸವರಿ, ಗಪ್ಪಿ ಉಳಿದದ್ದು ನೋಡಿಕೊಳ್ಳುತ್ತದೆ. ಬೇವಿನೆಣ್ಣೆ ಸೇರಿ ಯಾವ ಔಷಧಿಯನ್ನೂ ಮೀನಿರುವ ಟಬ್ಬಿಗೆ ಹೊಡೆಯಬೇಡಿ. ಇನ್ನೊಂದು ಹುಳ ಸ್ವಾರಸ್ಯದ್ದು. ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದ ಹಾಗೆ ಉರುಟು ತುಂಡು ಮಾಯವಾಗಿರುತ್ತದೆ. ಹುಡುಕಿದರೆ ಆ ತುಂಡು ಅಲ್ಲೇ ತೇಲುತ್ತಿರುತ್ತದೆ. ಎರಡು ತುಂಡನ್ನು ಒಂದರ ಮೇಲೊಂದು ರೇಷ್ಮೆ ದಾರದಲ್ಲಿ ಹೊಲಿದು, ನಡುವೆ ಪತಂಗದ ಮರಿಹುಳ ಮಲಗಿರುತ್ತದೆ. ಭತ್ತದ ಕೊಳವೆ ಹುಳುವಿನ ದಾಯಾದಿ ಇದು. ಹೊಲಿಗೆ ಅಷ್ಟು ನೀಟಾಗಿರುತ್ತದೆ, ನನಗೆ ಪ್ರತಿ ಸಲವೂ ಕೊಲ್ಲಲು ಮನಸ್ಸು ಬರುವುದಿಲ್ಲ. ಆದರೂ ಆರಿಸಿ ತೆಗೆಯಬೇಕು, ಬಿಟ್ಟರೆ ಎಲೆ ಉಳಿಯುವುದಿಲ್ಲ.

ಮಳೆ, ಚಳಿ

ಆಷಾಢದ ಗಾಳಿಗೆ ತಾವರೆ ಎಲೆ ಮುರಿಯುತ್ತದೆ, ಟಬ್ಬನ್ನು ಮೊದಲೇ ಗೋಡೆಯ ಮರೆಗೆ ಇಟ್ಟಿರುವುದು ಒಳ್ಳೆಯದು. ಮೋಡದ ದಿನಗಳಲ್ಲಿ ಹೂ ಕಡಿಮೆ. ದೊಡ್ಡ ಮಳೆಗೆ ಟಬ್ ಉಕ್ಕಿದರೆ ಮೀನು ಹೊರಗೆ ಹೋಗುತ್ತವೆ. ಅಂಚಿಗಿಂತ ಎರಡು ಇಂಚು ಕೆಳಗೆ ಕಾದ ಮೊಳೆಯಿಂದ ನಾಲ್ಕೈದು ತೂತು ಮಾಡಿ, ಒಳಗಿನಿಂದ ನೆಟ್ ಬಟ್ಟೆ ಅಂಟಿಸಿ. ಲಂಗಕ್ಕೆ ಹಾಕುವ ಕ್ಯಾನ್‌ಕ್ಯಾನ್ ನೆಟ್ಟಿನ ಚೂರು ಇದಕ್ಕೆ ಹೇಳಿ ಮಾಡಿಸಿದ್ದು. ದಸರಾ ಹೊತ್ತಿಗೆ ಬಿಸಿಲು ಮರಳಿ ಬಂದಾಗ ನೈದಿಲೆ ಮತ್ತೆ ಜೋರು. ಡಿಸೆಂಬರ್, ಜನವರಿಯಲ್ಲಿ ತಾವರೆಯ ಎಲೆ ಒಣಗಿ ಟಬ್ ಬರಿದಾಗಿ ಕಾಣಬಹುದು. ಗೆಡ್ಡೆ ಕೆಳಗೆ ಮಲಗಿರುತ್ತದೆ. ಸತ್ತಿತು ಅಂತ ಸುರಿದುಬಿಡಬೇಡಿ, ನೀರು ಆರದಂತೆ ನೋಡಿಕೊಳ್ಳಿ. ವರ್ಷಕ್ಕೊಮ್ಮೆ, ಹೊಸ ಚಿಗುರು ಹೊರಡುವ ಮುಂಚೆ, ಬೇಸಿನ್ ಎತ್ತಿ ಮಣ್ಣು ಬದಲಿಸಿ, ಗೆಡ್ಡೆ ಪಾಲು ಮಾಡಿ.

ಹೆಚ್ಚಾದದ್ದು ಏನು ಮಾಡುವುದು

ಕುಕ್ಕರಹಳ್ಳಿ ಕೆರೆಗೋ ಲಿಂಗಾಂಬುಧಿಗೋ ಹೋಗಿ ಗಿಡ ಕಿತ್ತು ತರಬೇಡಿ. ಹಾಗೆಯೇ ನಿಮ್ಮ ಟಬ್ಬಿನದ್ದನ್ನು ಅಲ್ಲಿಗೆ ಒಯ್ದು ಬಿಡಲೂಬೇಡಿ. ಗಪ್ಪಿಯೂ ಗ್ಯಾಂಬೂಸಿಯಾವೂ ಹೊರದೇಶದ ಮೀನು, ಕೆರೆಯ ಸ್ಥಳೀಯ ಮೀನಿನ ಮೊಟ್ಟೆ ಮರಿ ತಿನ್ನುತ್ತವೆ. ನೀಲಿ ಹೂವಿನ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದಿಂದ ಬಂದ ಕಳೆ, ಕೆರೆಯನ್ನೇ ನುಂಗುತ್ತದೆ. ಅದನ್ನು ಟಬ್ಬಿಗೂ ತರಬೇಡಿ, ಯಾರು ಪುಕ್ಕಟೆ ಕೊಟ್ಟರೂ. ಹೆಚ್ಚಾದ ಅಂತರಗಂಗೆ, ಹೈಡ್ರಿಲ್ಲಾವನ್ನು ತಾರಸಿಯಲ್ಲಿ ಗರಿಗರಿಯಾಗುವವರೆಗೆ ಒಣಗಿಸಿ ಗುಲಾಬಿ ಕುಂಡಕ್ಕೆ ಹಾಕಿ. ನೈದಿಲೆ ಮರಿಯನ್ನು ಕೇಳಿದವರಿಗೆ ಕೊಡಿ. ಒದ್ದೆ ನ್ಯೂಸ್‌ಪೇಪರಿನಲ್ಲಿ ಸುತ್ತಿ ಕವರಿಗೆ ಹಾಕಿದರೆ ಒಂದು ದಿನ ಬಾಡುವುದಿಲ್ಲ, ಮಂಡ್ಯದವರೆಗೂ ಬಸ್ಸಿನಲ್ಲಿ ಆರಾಮಾಗಿ ಹೋಗುತ್ತದೆ.